ಬಟ್ಟಲು ಪಾರದರ್ಶಕವಾದಾಗ

ಜಾತ್ರೆಯ ಬಯಲಿನ ಒಂದು ಮೂಲೆಯಲ್ಲಿ ಗಾರುಡಿಗ ಹಾಸುವ ಮಾಸಿದ ಬಟ್ಟೆಯ ಮೇಲೆ ಇರುವ ಸರಂಜಾಮು ಬಹಳ ಕಡಿಮೆ: ಬೆರಳ ಸಂದಿಯಲ್ಲಿ ಸಿಕ್ಕಿಸಿ ಎತ್ತಲು ಅನುಕೂಲವಾಗುವಂತೆ ತಲೆಯ ಮೇಲೆ ಗುಂಡನೆಯ ಹಿಡಿ ಇರುವ ಮೂರು ಮರದ ಬಟ್ಟಲು, ಬಟ್ಟೆ ಸುತ್ತಿ ಮಾಡಿದ ನಾಲ್ಕಾರು ಉಂಡೆ, ಒಂದು ಡಮರು. ಬಟ್ಟಲುಗಳನ್ನು ಬೋರಲು ಹಾಕಿ, ಒಂದರ ಕೆಳಗೆ ಇಟ್ಟ ಉಂಡೆಯನ್ನು ಇನ್ನೊಂದರ ಕೆಳಗಿನಿಂದ ತೆಗೆದು, ಖಾಲಿ ಎಂದು ತೋರಿಸಿದ ಬಟ್ಟಲಿನಡಿಯಲ್ಲಿ ಮೂರು ಉಂಡೆಗಳನ್ನು ಒಟ್ಟಿಗೆ ಕೂರಿಸಿ, ಕೊನೆಗೆ ಉಂಡೆಯ ಜಾಗದಲ್ಲಿ ನಿಂಬೆಹಣ್ಣನ್ನು ಕಾಣಿಸಿದಾಗ, ಸುತ್ತ ಕುಕ್ಕುರುಗಾಲಿನಲ್ಲಿ ಕುಳಿತ ಮಕ್ಕಳು ಹೋ ಎನ್ನುತ್ತಾರೆ, ಹಿಂದೆ ನಿಂತ ದೊಡ್ಡವರು ಜೇಬಿಗೆ ಕೈ ಹಾಕುತ್ತಾರೆ.

ಅದೇ ಆಟದ ಗುಟ್ಟು ಇಂದು ಅರ್ಧ ನಿಮಿಷದ ರೀಲ್ಸ್ ಆಗಿ ಮೊಬೈಲಿನಲ್ಲಿ ಸಿಗುತ್ತದೆ. ನಿಧಾನಗತಿಯಲ್ಲಿ ಓಡುವ ಚಿತ್ರದ ಮೇಲೆ ಕೆಂಪು ಬಾಣವೊಂದು ಬಂದು ನಿಂತು, ಉಂಡೆ ಬೆರಳುಗಳ ನಡುವೆ ಅಡಗುವ ಕ್ಷಣವನ್ನು ತೋರಿಸುತ್ತದೆ. ನೋಡಿದವರು ಇಷ್ಟೇನಾ ಎಂದು ಬೆರಳಿನಿಂದ ಸರಿಸಿ ಮುಂದಿನ ವಿಡಿಯೊಗೆ ಹೋಗುತ್ತಾರೆ.

ಗುಟ್ಟು ಹೀಗೆ ಬೀದಿಗೆ ಬಿದ್ದರೆ ಜಾದೂ ಎಂಬ ಕಲೆಯೇ ಬಡವಾಗುವುದೇ ಎಂಬ ಆತಂಕ ಜಾದೂಗಾರರಲ್ಲಿ ವ್ಯಾಪಕವಾಗಿದೆ. ಬಯಲು ಮಾಡುವವರು ಅದನ್ನು ತಿಳಿವಳಿಕೆಯ ಹಂಚಿಕೆ ಎಂದು ಸಮರ್ಥಿಸಿಕೊಳ್ಳುತ್ತಾರೆ. ಈ ವಾದಕ್ಕೆ ಅಂತರಜಾಲಕ್ಕಿಂತ ಬಹಳ ದೀರ್ಘವಾದ ಇತಿಹಾಸವಿದೆ ಮತ್ತು ಆ ಇತಿಹಾಸವನ್ನು ಗಮನಿಸಿದಾಗ, ಒಂದೇ ಎಂದು ತೋರುವ ಈ ಪ್ರಶ್ನೆಯೊಳಗೆ ಎರಡು ಬೇರೆ ಬೇರೆ ಪ್ರಶ್ನೆಗಳು ಹೆಣೆದುಕೊಂಡಿರುವುದು ಕಾಣುತ್ತದೆ.

ಸೆನೆಕಾನ ಮಾತು, ಸ್ಕಾಟನ ಸಂಕೋಚ

ಮೊದಲನೆಯ ಪ್ರಶ್ನೆಯನ್ನು ಎತ್ತಿದವನು ಕ್ರಿಸ್ತಶಕ ಮೊದಲನೆಯ ಶತಮಾನದ ರೋಮನ್ ತತ್ತ್ವಜ್ಞಾನಿ ಸೆನೆಕಾ. ಗೆಳೆಯ ಲುಸಿಲಿಯಸ್‌ಗೆ ಬರೆದ ಪತ್ರವೊಂದರಲ್ಲಿ ಆತ ಮಾತಿನ ಚಮತ್ಕಾರದ ತರ್ಕವನ್ನು ಬಟ್ಟಲು ಮತ್ತು ಕಲ್ಲುಹರಳುಗಳ ಆಟಕ್ಕೆ ಹೋಲಿಸುತ್ತಾನೆ. ಆ ಆಟದಲ್ಲಿ ಸಂತೋಷ ಕೊಡುವುದು ಮೋಸವೇ ಆದ್ದರಿಂದ, ಅದು ಹೇಗಾಯಿತೆಂದು ತಿಳಿದ ಕೂಡಲೇ ಆಸಕ್ತಿ ಇಳಿದುಹೋಗುತ್ತದೆ ಎಂಬುದು ಅವನ ಅಭಿಪ್ರಾಯ. ಇಂದಿನ ಜಾದೂಗಾರರ ದೂರಿನ ಸಾರವೂ ಬಹುಪಾಲು ಇದೇ ಆಗಿದೆ.

ಎರಡನೆಯ ಪ್ರಶ್ನೆ ಹುಟ್ಟಿದ್ದು ಇಂಗ್ಲೆಂಡಿನಲ್ಲಿ, 1584ರಲ್ಲಿ. ಮಾಟಗಾತಿಯರೆಂಬ ಆರೋಪ ಹೊರಿಸಿ ಬಡ ಹೆಂಗಸರನ್ನು ಕೊಲ್ಲುತ್ತಿದ್ದ ಆ ಕಾಲದಲ್ಲಿ ರೆಜಿನಾಲ್ಡ್ ಸ್ಕಾಟ್ ಎಂಬಾತ ‘ದಿ ಡಿಸ್ಕವರಿ ಆಫ್ ವಿಚ್‌ಕ್ರಾಫ್ಟ್’ ಎಂಬ ಗ್ರಂಥವನ್ನು ಪ್ರಕಟಿಸಿ, ಮಾಟವೆಂದು ಜನ ನಂಬಿದ್ದ ಎಷ್ಟೋ ಸಂಗತಿಗಳು ಕೇವಲ ಕೈಚಳಕವೆಂದು ತೋರಿಸಲು ನಾಣ್ಯ, ಉಂಡೆ, ಇಸ್ಪೀಟಿನ ಆಟಗಳ ಗುಟ್ಟನ್ನು ವಿವರಿಸಿದ. ಕಡಿದ ತಲೆಯೊಂದು ತಟ್ಟೆಯಲ್ಲಿದ್ದು ಮಾತನಾಡುವಂತೆ ತೋರುವ ಆಟಕ್ಕೆ ರಂಧ್ರವಿರುವ ಹಲಗೆ ಮತ್ತು ಇಬ್ಬರು ಮನುಷ್ಯರು ಸಾಕೆಂಬುದನ್ನೂ ಅದರಲ್ಲಿ ಬಿಡಿಸಿ ಹೇಳಿದ್ದಾನೆ.

ಗಮನಾರ್ಹವಾದುದೆಂದರೆ, ಇಷ್ಟನ್ನೆಲ್ಲ ಬಯಲಿಗೆ ತರುವಾಗ ಸ್ಕಾಟ್ ಅದೇ ಪುಸ್ತಕದಲ್ಲಿ ತನ್ನ ವಿಷಾದವನ್ನೂ ದಾಖಲಿಸಿದ್ದಾನೆ: ಈ ವಿದ್ಯೆಯಿಂದಲೇ ಹೊಟ್ಟೆ ಹೊರೆಯುವ ಬಡವರಿಗೆ ತನ್ನ ಬರವಣಿಗೆಯಿಂದ ಅಡ್ಡಿಯಾಗುವುದಲ್ಲ ಎಂಬ ಸಂಕೋಚ ಅವನಿಗಿತ್ತು. ಸೆನೆಕಾ ಕೇಳಿದ್ದು ಬೆರಗು ಉಳಿಯುವುದೇ ಎಂದು. ಸ್ಕಾಟ್‌ನನ್ನು ಕಾಡಿದ್ದು ಅನ್ನ ಉಳಿಯುವುದೇ ಎಂಬುದು. ಇಂದಿನ ಚರ್ಚೆ ಗೊಂದಲಕ್ಕೆ ಬೀಳುವುದು ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಹೊರಟಾಗ.

ಇತ್ತ ಭಾರತದ ಗ್ರಂಥಗಳಲ್ಲಿ ಐಂದ್ರಜಾಲಿಕ, ಅಂದರೆ ಇಂದ್ರಜಾಲ ತೋರಿಸುವವನು, ಬಹು ಹಿಂದಿನಿಂದಲೂ ಪರಿಚಿತ ವ್ಯಕ್ತಿ. ಏಳನೆಯ ಶತಮಾನದ ಹರ್ಷನ ‘ರತ್ನಾವಳಿ’ ನಾಟಕದಲ್ಲಿ ಅರಮನೆಗೆ ಬೆಂಕಿ ಬಿದ್ದಂತೆ ತೋರಿಸುವವನು ಒಬ್ಬ ಐಂದ್ರಜಾಲಿಕನೇ. ಶಂಕರಾಚಾರ್ಯರು ಬ್ರಹ್ಮಸೂತ್ರ ಭಾಷ್ಯದಲ್ಲಿ, ಕತ್ತಿ ಗುರಾಣಿ ಹಿಡಿದು ಹಗ್ಗದ ಮೇಲೆ ಆಕಾಶಕ್ಕೇರುವಂತೆ ಕಾಣುವ ಮಾಯಾವಿ ಬೇರೆ, ನೆಲದ ಮೇಲೆಯೇ ನಿಂತಿರುವ ನಿಜವಾದ ಮಾಯಾವಿ ಬೇರೆ ಎಂಬ ದೃಷ್ಟಾಂತವನ್ನು ಕೊಡುತ್ತಾರೆ. ಹಗ್ಗವೇರಿದವನು ನಿಜವಲ್ಲವೆಂಬುದು ಕೇಳುಗರಿಗೆ ಮೊದಲೇ ತಿಳಿದಿದ್ದರೆ ಮಾತ್ರ ಈ ದೃಷ್ಟಾಂತ ಕೆಲಸ ಮಾಡುತ್ತದೆ. ಆದ್ದರಿಂದ ಇಂದ್ರಜಾಲ ಮನುಷ್ಯನ ಕೈವಾಡವೆಂಬ ಅರಿವು ಮತ್ತು ಅದನ್ನು ನೋಡುವ ಆಸೆ ಇಲ್ಲಿ ಒಟ್ಟಿಗೇ ಇದ್ದವೆಂದು ಊಹಿಸಬಹುದು.

ಗುಟ್ಟು ಬರೆದವರು ಜಾದೂಗಾರರೇ

ಗುಟ್ಟು ಕಾಯುವುದು ಜಾದೂಗಾರರ ಧರ್ಮ, ಬಯಲು ಮಾಡುವುದು ಹೊರಗಿನವರ ದ್ರೋಹ ಎಂಬ ಕಲ್ಪನೆ ಇತಿಹಾಸದೆದುರು ನಿಲ್ಲುವುದಿಲ್ಲ. ಆಧುನಿಕ ಜಾದೂವಿನ ಪಿತಾಮಹನೆಂದು ಹೆಸರಾದ ಫ್ರಾನ್ಸಿನ ಗಡಿಯಾರ ತಯಾರಕ ರೋಬೇರ್-ಊದಾಂ 1868ರಲ್ಲಿ ತಮ್ಮ ವಿದ್ಯೆಯ ರಹಸ್ಯಗಳ ಬಗ್ಗೆ ಪುಸ್ತಕವನ್ನೇ ಬರೆದರು. 1876ರಲ್ಲಿ ಲಂಡನ್ನಿನ ವಕೀಲ ಏಂಜೆಲೊ ಲೂಯಿಸ್ ‘ಪ್ರೊಫೆಸರ್ ಹಾಫ್‌ಮನ್’ ಎಂಬ ಕಾವ್ಯನಾಮದಲ್ಲಿ ಹೊರತಂದ ‘ಮಾಡರ್ನ್ ಮ್ಯಾಜಿಕ್’ ಗ್ರಂಥವು ಆ ಕಾಲದ ರಂಗದ ಆಟಗಳನ್ನು ಸಲಕರಣೆಗಳ ಚಿತ್ರಸಹಿತ ವಿವರಿಸಿತು. ಆ ಪುಸ್ತಕದಿಂದ ಜಾದೂ ಮುಗಿದುಹೋಗುತ್ತದೆಂದು ಹೆದರಿದವರಿದ್ದರು. ಆದರೆ ಮುಂದಿನ ತಲೆಮಾರಿನ ಎಷ್ಟೋ ಜಾದೂಗಾರರಿಗೆ ಅದೇ ಮೊದಲ ಪಾಠಪುಸ್ತಕವಾಯಿತು.

ವೃತ್ತಿಯು ಬೆಳೆದಂತೆ ಕಾವಲೂ ಬಿಗಿಯಾಯಿತು. 1905ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ‘ಮ್ಯಾಜಿಕ್ ಸರ್ಕಲ್’ ಎಂಬ ಜಾದೂಗಾರರ ಸಂಘವು, ಗುಟ್ಟನ್ನು ಬಾಯಿಬಿಡದವರು ಎಂಬ ಅರ್ಥದ ಲ್ಯಾಟಿನ್ ನುಡಿಯನ್ನು ತನ್ನ ಧ್ಯೇಯವಾಕ್ಯವಾಗಿ ಇಟ್ಟುಕೊಂಡಿತು. ಆ ಸಂಘದ ಮೊದಲ ಅಧ್ಯಕ್ಷರೂ ತಮ್ಮ ಕಾಲದ ಅತಿ ಜನಪ್ರಿಯ ಜಾದೂಗಾರರೂ ಆಗಿದ್ದ ಡೇವಿಡ್ ಡೆವಾಂಟ್ ಅವರು, ಕಾಯಿಲೆಯಿಂದ ರಂಗ ಬಿಟ್ಟ ಎಷ್ಟೋ ವರ್ಷಗಳ ನಂತರ, 1930ರ ದಶಕದಲ್ಲಿ ತಮ್ಮದೇ ಆಟಗಳ ಗುಟ್ಟನ್ನು ಪತ್ರಿಕೆಯೊಂದರಲ್ಲಿ ಬರೆದಾಗ ಸಂಘ ಅವರನ್ನೇ ಹೊರಗೆ ಹಾಕಿತು.

ಆದರೂ ಅದೇ ಜಾದೂಗಾರರು ತಮ್ಮವರಿಗಾಗಿ ಪುಸ್ತಕ ಬರೆಯುವುದನ್ನು, ಆಟಗಳನ್ನು ಮಾರುವುದನ್ನು ನಿಲ್ಲಿಸಲಿಲ್ಲ. ಅವರ ಆಕ್ಷೇಪ ಇದ್ದುದು ಗುಟ್ಟು ಹೊರಹೋಗುವುದರ ಬಗ್ಗೆ ಅನ್ನುವುದಕ್ಕಿಂತ, ಕಲಿಯುವ ಶ್ರಮ ಪಡದವರ ಕೈಗೆ ಅದು ಪುಕ್ಕಟೆಯಾಗಿ ಸಿಗುವುದರ ಬಗ್ಗೆ. ಪುಸ್ತಕ ಹುಡುಕಿ, ಕೊಂಡು, ಓದಿ, ಅಭ್ಯಾಸ ಮಾಡುವವನು ಮನೆಯೊಳಗೆ ಬರಲು ಬಾಗಿಲು ತಟ್ಟಿದವನು. ಪತ್ರಿಕೆಯ ಪುಟ ತಿರುವುವಾಗ ಗುಟ್ಟು ಕಣ್ಣಿಗೆ ಬಿದ್ದವನು ಹಾದಿಹೋಕ.

ಗರಗಸದ ಕಥೆ

ಬಯಲಾದ ಗುಟ್ಟಿನಿಂದ ಏನಾಗುತ್ತದೆ ಎಂಬುದನ್ನು ಒಂದೇ ಆಟದ ಚರಿತ್ರೆಯಲ್ಲಿ ಕಾಣಬೇಕಾದರೆ, ಪೆಟ್ಟಿಗೆಯಲ್ಲಿ ಮಲಗಿದ ಹೆಂಗಸನ್ನು ಗರಗಸದಿಂದ ಎರಡು ತುಂಡು ಮಾಡುವ ಆಟವನ್ನು ಗಮನಿಸಬೇಕು. 1921ರ ಜನವರಿಯಲ್ಲಿ ಲಂಡನ್ನಿನ ಫಿನ್ಸ್‌ಬರಿ ಪಾರ್ಕ್ ರಂಗಮಂದಿರದಲ್ಲಿ ಜಾದೂಗಾರ ಪಿ. ಟಿ. ಸೆಲ್ಬಿಟ್ ಇದನ್ನು ಸಾರ್ವಜನಿಕರ ಮುಂದಿಟ್ಟರು. ಅದೇ ವರ್ಷ ಅಮೆರಿಕದಲ್ಲಿ ಹೊರೇಸ್ ಗೋಲ್ಡಿನ್ ತಮ್ಮದೇ ರೂಪವನ್ನು ತಂದು, ನಕಲು ಮಾಡುವವರನ್ನು ತಡೆಯುವ ಸಲುವಾಗಿ 1923ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು.

ಪೇಟೆಂಟ್ ಎಂದರೆ ಸರ್ಕಾರ ಮತ್ತು ಶೋಧಕನ ನಡುವಿನ ಒಂದು ಒಪ್ಪಂದ. ತನ್ನ ಶೋಧ ಹೇಗೆ ಕೆಲಸ ಮಾಡುತ್ತದೆಂದು ಶೋಧಕ ಚಿತ್ರಸಹಿತ ಬರೆದುಕೊಟ್ಟರೆ, ನಿರ್ದಿಷ್ಟ ಅವಧಿಯವರೆಗೆ ಬೇರೆಯವರು ಅದನ್ನು ಬಳಸದಂತೆ ಸರ್ಕಾರ ತಡೆಯುತ್ತದೆ. ಆದರೆ ಆ ಬರಹವನ್ನು ಯಾರು ಬೇಕಾದರೂ ಓದಬಹುದು. ಹೀಗಾಗಿ ಕಳ್ಳನಿಂದ ಕಾಪಾಡಲು ಗೋಲ್ಡಿನ್ ಮನೆಯ ಬೀಗದ ಕೈಯನ್ನು ಬೀದಿಯ ಕಂಬಕ್ಕೆ ತೂಗುಹಾಕಿದಂತಾಯಿತು. 1933ರಲ್ಲಿ ಕ್ಯಾಮೆಲ್ ಸಿಗರೇಟಿನ ತಯಾರಕರು ಜಾಹೀರಾತು ಸರಣಿಯೊಂದರಲ್ಲಿ ಜಾದೂ ಆಟಗಳ ಗುಟ್ಟನ್ನು ಬಿಡಿಸಿ ತೋರಿಸಿದಾಗ ಈ ಆಟವೂ ಅದರಲ್ಲಿ ಸೇರಿತ್ತು. ಗೋಲ್ಡಿನ್ ಕೋರ್ಟಿಗೆ ಹೋದರು. ಪೇಟೆಂಟಿನ ಮೂಲಕ ತಾವೇ ಪ್ರಕಟಿಸಿದ್ದನ್ನು ಗುಟ್ಟೆಂದು ಹೇಳಿಕೊಳ್ಳಲು ಬರುವುದಿಲ್ಲವೆಂಬ ಕಾರಣಕ್ಕೆ 1938ರಲ್ಲಿ ಅವರ ದಾವೆ ಬಿದ್ದುಹೋಯಿತು.

ಸೆನೆಕಾನ ಮಾತು ನಿಜವಾಗಿದ್ದರೆ ಈ ಆಟದ ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅಷ್ಟರಲ್ಲಿ ಗೋಲ್ಡಿನ್ ಪೆಟ್ಟಿಗೆಯನ್ನೇ ಕೈಬಿಟ್ಟು, ತೆರೆದ ಮೇಜಿನ ಮೇಲೆ ಮಲಗಿದವರ ಮೈಯನ್ನು ದೊಡ್ಡ ಚಕ್ರಗರಗಸ ಹಾದುಹೋಗುವ ಹೊಸ ರೂಪವನ್ನು ಕಟ್ಟಿದ್ದರು. 1956ರ ಏಪ್ರಿಲ್ 9ರಂದು ಕೋಲ್ಕತ್ತದ ಜಾದೂಗಾರ ಪಿ. ಸಿ. ಸರ್ಕಾರ್ ಅವರು ಬಿಬಿಸಿಯ ‘ಪನೋರಮಾ’ ಕಾರ್ಯಕ್ರಮದಲ್ಲಿ ಇಂಥದೇ ಗರಗಸವನ್ನು ತಮ್ಮ ಹದಿನೇಳು ವರ್ಷದ ಸಹಾಯಕಿಯ ಮೇಲೆ ಓಡಿಸಿ, ಅವಳನ್ನು ಎಬ್ಬಿಸಲು ಕೈ ಉಜ್ಜಿದರೂ ಅವಳು ಏಳದೆ ಇದ್ದಾಗ, ನಿರೂಪಕ ರಿಚರ್ಡ್ ಡಿಂಬಲ್ಬಿ ಮುಂದೆ ಬಂದು ಕಾರ್ಯಕ್ರಮ ಮುಗಿಯಿತೆಂದು ಹೇಳಿಬಿಟ್ಟರು. ಹುಡುಗಿ ಸತ್ತಳೆಂದು ನಂಬಿದ ವೀಕ್ಷಕರ ಕರೆಗಳಿಂದ ಬಿಬಿಸಿಯ ದೂರವಾಣಿಗಳು ಕಿಕ್ಕಿರಿದವು. ಹೆಂಗಸನ್ನು ಕತ್ತರಿಸುವ ಆಟ ಹುಟ್ಟಿ 35 ವರ್ಷ, ಅದರ ಒಂದು ರೂಪದ ಗುಟ್ಟು ಜಾಹೀರಾತಿನಲ್ಲಿ ಬಂದು 23 ವರ್ಷ ಕಳೆದಿತ್ತು.

ಕಾನೂನು ಕಾಯುವುದು ಏನನ್ನು?

ಗೋಲ್ಡಿನ್ ಅವರಿಗೆ ಪೇಟೆಂಟ್ ನೆರವಾಗದಂತೆ, ಕೃತಿಸ್ವಾಮ್ಯವೂ ಜಾದೂವಿನ ಗುಟ್ಟಿಗೆ ನೆರವಾಗುವುದಿಲ್ಲ. ಕೃತಿಸ್ವಾಮ್ಯದ ಕಾನೂನು, ಅಂದರೆ ಬರಹ, ಸಂಗೀತ, ನಾಟಕಗಳ ಮೇಲೆ ಕರ್ತೃವಿಗೆ ಹಕ್ಕು ಕೊಡುವ ಕಾನೂನು, ಅಭಿವ್ಯಕ್ತಿಯನ್ನು ಕಾಯುತ್ತದೆಯೇ ಹೊರತು ಅದರ ಹಿಂದಿನ ಉಪಾಯವನ್ನು ಕಾಯುವುದಿಲ್ಲ. ಉಂಡೆಯನ್ನು ಬೆರಳ ನಡುವೆ ಅಡಗಿಸುವುದು ಒಂದು ಉಪಾಯ. ಈ ಕಾನೂನಿನಡಿ ಅದು ಯಾರ ಸೊತ್ತೂ ಆಗಲಾರದು.

ಅಮೆರಿಕದ ಜಾದೂಗಾರ ಟೆಲ್ಲರ್ ಅವರ ‘ಶ್ಯಾಡೋಸ್’ ಎಂಬ ಆಟದ ಪ್ರಕರಣ ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ತೋರಿಸುತ್ತದೆ. ಹೂಜಿಯಲ್ಲಿಟ್ಟ ಗುಲಾಬಿಯ ನೆರಳು ಪರದೆಯ ಮೇಲೆ ಬಿದ್ದಿರುತ್ತದೆ; ಟೆಲ್ಲರ್ ಚಾಕುವಿನಿಂದ ಆ ನೆರಳಿನ ಎಸಳನ್ನು ಕತ್ತರಿಸಿದಾಗ ದೂರದಲ್ಲಿರುವ ನಿಜವಾದ ಹೂವಿನ ಎಸಳು ಉದುರುತ್ತದೆ. 1983ರಲ್ಲಿಯೇ ಅವರು ಇದನ್ನು ಮೂಕಾಭಿನಯದ ಕೃತಿಯಾಗಿ ನೋಂದಾಯಿಸಿದ್ದರು. 2012ರಲ್ಲಿ ಯುರೋಪಿನ ಪ್ರದರ್ಶಕರೊಬ್ಬರು ಅಂಥದೇ ಆಟವನ್ನು ಯೂಟ್ಯೂಬಿನಲ್ಲಿ ತೋರಿಸಿ, ಗುಟ್ಟನ್ನೂ ಸಲಕರಣೆಯನ್ನೂ ಮಾರುವುದಾಗಿ ಪ್ರಕಟಿಸಿದಾಗ ಟೆಲ್ಲರ್ ದಾವೆ ಹೂಡಿದರು. 2014ರಲ್ಲಿ ನೆವಾಡದ ಫೆಡರಲ್ ನ್ಯಾಯಾಲಯವು ಟೆಲ್ಲರ್ ಪರವಾಗಿ ನಿಂತಿತು. ಆದರೆ ಹಾಗೆ ನಿಂತದ್ದು ಆ ಮೂಕ ನಾಟಕದ ಚಲನೆ, ಕ್ರಮ ಮತ್ತು ದೃಶ್ಯದ ಪರವಾಗಿ. ಎಸಳು ಉದುರಿಸುವ ತಂತ್ರ ಬೇರೆಯಾಗಿದ್ದರೂ ನೋಡುಗನಿಗೆ ಕಾಣುವ ಕೃತಿ ಒಂದೇ ಎಂಬುದು ಅಲ್ಲಿ ಮುಖ್ಯವಾಯಿತು.

ಹೀಗೆ ಕಾನೂನು ಬಿಟ್ಟ ಜಾಗವನ್ನು ಜಾದೂಗಾರರು ತಮ್ಮೊಳಗಿನ ಕಟ್ಟುಪಾಡಿನಿಂದ ತುಂಬಿಕೊಂಡು ಬಂದಿದ್ದಾರೆ. ಪೆಟ್ಟಿಗೆಯೊಳಗೆ ನಿಂತ ಹೆಂಗಸಿನ ನಡುಭಾಗವನ್ನೇ ಪಕ್ಕಕ್ಕೆ ಎಳೆಯುವ ‘ಜಿಗ್‌ಜಾಗ್’ ಆಟವನ್ನು 1960ರ ದಶಕದಲ್ಲಿ ಕಟ್ಟಿದ ರಾಬರ್ಟ್ ಹಾರ್ಬಿನ್ ಅವರು, 1970ರಲ್ಲಿ ತಮ್ಮ ಆಟಗಳ ಪುಸ್ತಕವನ್ನು 500 ಪ್ರತಿಗಳಿಗೆ ಸೀಮಿತಗೊಳಿಸಿ, ಅದನ್ನು ಕೊಂಡವರಿಗೆ ಮಾತ್ರ ಈ ಆಟ ಆಡುವ ಅನುಮತಿಯಿತ್ತರು. ಅನುಮತಿಯಿಲ್ಲದ ನಕಲುಗಳು ಲೋಕದ ತುಂಬ ಹರಡಿದವು. ಆದರೂ ಗುಟ್ಟನ್ನು ಯಾರಿಗೆ ಕೊಡಬೇಕೆಂದು ತೀರ್ಮಾನಿಸುವ ಹಕ್ಕು ಅದನ್ನು ಹುಟ್ಟಿಸಿದವನದು ಎಂಬ ಭಾವನೆಗೆ ಈ ಪುಸ್ತಕ ಒಂದು ಒಳ್ಳೆಯ ಉದಾಹರಣೆ.

ಕಣ್ಕಟ್ಟು ಎಂಬ ಅರ್ಧಸತ್ಯ

ಗುಟ್ಟು ತಿಳಿದ ಮೇಲೂ ಆಟ ಏಕೆ ಕೆಲಸ ಮಾಡುತ್ತದೆ ಎಂಬುದಕ್ಕೆ ಮನಶ್ಶಾಸ್ತ್ರ ಕೊಡುವ ಉತ್ತರ ಕುತೂಹಲಕರವಾಗಿದೆ. ಕನ್ನಡದಲ್ಲಿ ಈ ವಿದ್ಯೆಗೆ ಕಣ್ಕಟ್ಟು ಎಂಬ ಹೆಸರಿದೆ. ಜಾದೂಗಾರನೂ ಮನಶ್ಶಾಸ್ತ್ರಜ್ಞನೂ ಆದ ಗುಸ್ತಾವ್ ಕುನ್ ಮತ್ತು ದೃಷ್ಟಿವಿಜ್ಞಾನಿ ಮೈಕೆಲ್ ಲ್ಯಾಂಡ್ ಅವರು 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಆ ಹೆಸರು ಅರ್ಧ ಮಾತ್ರ ನಿಜವೆಂದು ತೋರಿಸಿತು.

ಅವರು ಆರಿಸಿಕೊಂಡ ಆಟ ಬಹಳ ಸರಳವಾದುದು. ಜಾದೂಗಾರ ಚೆಂಡನ್ನು ಎರಡು ಸಲ ಮೇಲಕ್ಕೆ ಎಸೆದು ಹಿಡಿಯುತ್ತಾನೆ. ಮೂರನೆಯ ಸಲ ಎಸೆದಂತೆ ಕೈಯಾಡಿಸುತ್ತಾನೆ, ಚೆಂಡು ಅಂಗೈಯಲ್ಲಿಯೇ ಉಳಿದಿರುತ್ತದೆ. ಕೈಯಾಡಿಸುವಾಗ ಅವನ ದೃಷ್ಟಿಯೂ ಮೇಲಕ್ಕೆ ಹೋದರೆ, ನೋಡಿದವರಲ್ಲಿ ಸುಮಾರು ಮೂರನೇ ಎರಡು ಭಾಗದಷ್ಟು ಜನ ಚೆಂಡು ಮೇಲಕ್ಕೆ ಹೋಗಿ ಮಾಯವಾದುದನ್ನು ಕಂಡೆವೆಂದು ಹೇಳಿದರು. ಅವನು ಕೈಯನ್ನೇ ನೋಡುತ್ತಿದ್ದರೆ ಹಾಗೆ ಹೇಳಿದವರ ಪ್ರಮಾಣ ಮೂರನೇ ಒಂದು ಭಾಗಕ್ಕೆ ಇಳಿಯಿತು. ಆದರೆ ವೀಕ್ಷಕರ ಕಣ್ಣಿನ ಚಲನೆಯನ್ನು ಅಳೆದಾಗ, ಚೆಂಡನ್ನು ಮೇಲೆ ಕಂಡೆವೆಂದವರ ಕಣ್ಣುಗಳೂ ಬಹುತೇಕ ಆ ಜಾಗಕ್ಕೆ ಹೋಗಿರಲೇ ಇಲ್ಲ. ಅವು ಜಾದೂಗಾರನ ಮುಖವನ್ನು ನೋಡುತ್ತಿದ್ದವು. ಅಂದರೆ ಕಣ್ಣು ಮೋಸಹೋಗಿರಲಿಲ್ಲ. ಮುಂದೇನಾಗಬೇಕೆಂದು ಮನಸ್ಸು ಮೊದಲೇ ಲೆಕ್ಕಹಾಕಿ, ಆ ಲೆಕ್ಕವನ್ನೇ ಕಂಡದ್ದೆಂದು ಒಪ್ಪಿಕೊಂಡಿತ್ತು.

ಅಮೆರಿಕದ ಪೆನ್ ಮತ್ತು ಟೆಲ್ಲರ್ ಜೋಡಿ ಇದೇ ಸತ್ಯವನ್ನು ರಂಗದ ಮೇಲೆ ಪರೀಕ್ಷೆಗೆ ಒಡ್ಡಿದೆ. ಅವರು ಬಟ್ಟಲು ಮತ್ತು ಉಂಡೆಯ ಆಟವನ್ನು ಮೊದಲು ಮಾಮೂಲಿನ ಬಟ್ಟಲುಗಳಲ್ಲಿ ಆಡಿ, ಆಮೇಲೆ ಒಳಗಿರುವುದೆಲ್ಲ ಕಾಣುವ ಪಾರದರ್ಶಕ ಪ್ಲಾಸ್ಟಿಕ್ ಬಟ್ಟಲುಗಳಲ್ಲಿ ಮತ್ತೆ ಆಡುತ್ತಾರೆ. ಉಂಡೆ ಯಾವಾಗ ಒಳಗೆ ಹೋಯಿತು ಎಂಬುದು ಕಣ್ಣೆದುರೇ ನಡೆದರೂ, ಕೈಗಳ ವೇಗ ಮತ್ತು ಲಯದ ನಡುವೆ ನೋಡುಗ ಅದನ್ನು ಹಿಂಬಾಲಿಸಲಾರದೆ ಸೋಲುತ್ತಾನೆ. ಹಗ್ಗವನ್ನು ಹಾವೆಂದು ಭ್ರಮಿಸುವ ವೇದಾಂತದ ದೃಷ್ಟಾಂತದಲ್ಲಿ, ಅದು ಹಗ್ಗವೆಂದು ತಿಳಿದ ಕೂಡಲೇ ಹಾವು ಇಲ್ಲವಾಗುತ್ತದೆ. ಒಳ್ಳೆಯ ಕೈಚಳಕದಲ್ಲಿ ಹಗ್ಗವೆಂದು ಗೊತ್ತಿದ್ದೂ ಹಾವು ಹರಿದಾಡುತ್ತಲೇ ಇರುತ್ತದೆ.

ಗುಟ್ಟಿಗೂ ಕೌಶಲಕ್ಕೂ ಇರುವ ದೂರವನ್ನು ಒಂದು ನಾಣ್ಯದಿಂದಲೇ ಅಳೆಯಬಹುದು. ‘ಪಾಮಿಂಗ್’ ಎಂದರೆ ಅಂಗೈಯಲ್ಲಿ ವಸ್ತುವನ್ನು ಅಡಗಿಸುವ ವಿಧಾನ: ಹೆಬ್ಬೆರಳಿನ ಬುಡದ ಉಬ್ಬಿಗೂ ಅಂಗೈಯ ಆಚೆಯ ಅಂಚಿಗೂ ನಡುವೆ ನಾಣ್ಯವನ್ನು ಒತ್ತಿ ಹಿಡಿದು, ಬೆರಳುಗಳನ್ನು ಸಡಿಲವಾಗಿ ಬಿಡಬೇಕು. ಗುಟ್ಟು ಅಷ್ಟೇ. ಆದರೆ ಹಾಗೆ ಹಿಡಿದ ಕೈ ತಲೆ ಕೆರೆಯುವಾಗ, ಪೆನ್ನು ಎತ್ತಿಕೊಳ್ಳುವಾಗ, ಎದುರಿನವರತ್ತ ತೋರುವಾಗ ಖಾಲಿ ಕೈಯಂತೆಯೇ ಕಾಣಬೇಕಾದರೆ, ತಿಂಗಳುಗಟ್ಟಲೆ ದಿನವಿಡೀ ನಾಣ್ಯವನ್ನು ಅಂಗೈಯಲ್ಲೇ ಇಟ್ಟುಕೊಂಡು ಓಡಾಡಬೇಕಾಗುತ್ತದೆ. ರೀಲ್ಸ್ ಹೇಳಿಕೊಡುವುದು ಮೊದಲ ವಾಕ್ಯವನ್ನು ಮಾತ್ರ.

ಯಕ್ಷಗಾನದ ಪ್ರಸಂಗದ ಕಥೆ ಗೊತ್ತಿದ್ದೂ ಬೆಳತನಕ ಕೂರುವ ಕರಾವಳಿಯ ಪ್ರೇಕ್ಷಕನಿಗೆ ಈ ಮಾತು ಹೊಸದಲ್ಲ. ಆದರೆ ಆ ಹೋಲಿಕೆ ಅರ್ಧ ದಾರಿಯವರೆಗೆ ಮಾತ್ರ ನಡೆಯುತ್ತದೆ. ಕಥೆಯ ಅರಿವು ಯಕ್ಷಗಾನದ ರಸವನ್ನು ಹೆಚ್ಚಿಸುತ್ತದೆ. ಜಾದೂವಿನಲ್ಲಿ ಮೊದಲ ಸಲ ನೋಡುವಾಗಿನ ಬೆರಗು ಅಜ್ಞಾನದಿಂದಲೇ ಹುಟ್ಟುವಂಥದು ಮತ್ತು ಅದು ಒಂದೇ ಸಲ ಸಿಗುವಂಥದು. ಅದನ್ನು ಕೇಳದೆಯೇ ಕಿತ್ತುಕೊಂಡಾಗ ನೋಡುಗನಿಗೆ ನಷ್ಟವಾಗುತ್ತದೆ ಎಂಬಷ್ಟರ ಮಟ್ಟಿಗೆ ಸೆನೆಕಾ ಸರಿ.

ಮುಖವಾಡದಿಂದ ಮೊಬೈಲಿಗೆ

1997ರಲ್ಲಿ ಅಮೆರಿಕದ ಫಾಕ್ಸ್ ವಾಹಿನಿ, ಮುಖವಾಡ ತೊಟ್ಟ ಜಾದೂಗಾರನೊಬ್ಬ ರಂಗದ ದೊಡ್ಡ ಆಟಗಳ ಗುಟ್ಟನ್ನು ಬಿಚ್ಚಿಡುವ ಕಾರ್ಯಕ್ರಮ ಸರಣಿಯನ್ನು ಆರಂಭಿಸಿದಾಗ ಜಾದೂ ಲೋಕ ಕೆರಳಿತು. ಮರುವರ್ಷ ಮುಖವಾಡ ತೆಗೆದ ವ್ಯಾಲ್ ವ್ಯಾಲೆಂಟಿನೊ, ಹಳೆಯ ಆಟಗಳ ಗುಟ್ಟು ಹೋದರೆ ಜಾದೂಗಾರರು ಹೊಸದನ್ನು ಹುಡುಕುತ್ತಾರೆ, ಮಕ್ಕಳು ಈ ಕಲೆಯತ್ತ ಬರುತ್ತಾರೆ ಎಂದು ತಮ್ಮನ್ನು ಸಮರ್ಥಿಸಿಕೊಂಡರು. ಜಾದೂ ಅದರಿಂದ ಸಾಯಲಿಲ್ಲ. ಆದರೆ ಗೋಲ್ಡಿನ್ ಅವರ ಗರಗಸದಂತೆ ಹೊಸದನ್ನು ಕಟ್ಟಲು ಹಣ, ಕಾರ್ಯಾಗಾರ, ಸಮಯ ಇರುವವರಿಗೆ ಮಾತ್ರ ಈ ವಾದ ಸಮಾಧಾನ ಕೊಡುತ್ತದೆ. ಒಂದೇ ಪೆಟ್ಟಿಗೆಯನ್ನು ಸಾಲ ಮಾಡಿ ಮಾಡಿಸಿಕೊಂಡು ಊರೂರು ಸುತ್ತುವವನಿಗೆ ಕೊಡುವುದಿಲ್ಲ.

ಅಂತರಜಾಲ ಈ ಸ್ಥಿತಿಯನ್ನು ಮೂರು ರೀತಿಯಲ್ಲಿ ಬದಲಾಯಿಸಿದೆ. ಮೊದಲನೆಯದಾಗಿ, ಗುಟ್ಟನ್ನು ಹುಡುಕುವ ಶ್ರಮವೇ ಇಲ್ಲವಾಗಿದೆ. ಯಾರು ಏನು ನೋಡಿದರೆಂದು ಲೆಕ್ಕವಿಟ್ಟು ಮುಂದಿನದನ್ನು ತಾನೇ ಆರಿಸಿ ಕೊಡುವ ವ್ಯವಸ್ಥೆಯಿಂದಾಗಿ, ಗುಟ್ಟು ಕೇಳದವರ ಎದುರಿಗೂ ಬಂದು ನಿಲ್ಲುತ್ತದೆ. ಎರಡನೆಯದಾಗಿ, ಆಟ ಮುಗಿಯುವ ಮೊದಲೇ ಸಭೆಯಲ್ಲಿ ಕುಳಿತವರು ಮೊಬೈಲಿನಲ್ಲಿ ಅದನ್ನು ಹುಡುಕಬಲ್ಲರು. ಮೂರನೆಯದಾಗಿ, ನಿನ್ನೆ ಮೊನ್ನೆ ಯಾರೋ ಕಟ್ಟಿ ಮಾರಾಟಕ್ಕಿಟ್ಟ ಹೊಸ ಆಟವನ್ನು ಒಬ್ಬ ಕೊಂಡು, ಬಿಚ್ಚಿ, ವಿಡಿಯೊ ಮಾಡಿ ಹಾಕಿದರೆ, ಅದರಿಂದ ಬರುವ ಜಾಹೀರಾತಿನ ಹಣ ಬಯಲು ಮಾಡಿದವನದು, ನಷ್ಟ ಕಟ್ಟಿದವನದು.

ಅದೇ ಅಂತರಜಾಲಕ್ಕೆ ಇನ್ನೊಂದು ಮುಖವೂ ಇದೆ. ಹಿಂದೆ ಜಾದೂ ಕಲಿಯಬೇಕಾದರೆ ಗುರುವಿನ ಮನೆ, ಇಲ್ಲವೇ ದೊಡ್ಡ ನಗರದ ಒಂದೆರಡು ಅಂಗಡಿಗಳೇ ಗತಿಯಾಗಿದ್ದವು. ಇಂಗ್ಲಿಷ್ ಓದಲಾರದವನಿಗೆ ಪುಸ್ತಕದ ಬಾಗಿಲೂ ಬಹುಮಟ್ಟಿಗೆ ಮುಚ್ಚಿತ್ತು. ಈಗ ಕನ್ನಡದಲ್ಲಿಯೇ ಮಾತಾಡಿ, ಕೈಯನ್ನು ಹತ್ತಿರದಿಂದ ತೋರಿಸಿ, ತಪ್ಪನ್ನು ತಿದ್ದಿ ಕಲಿಸುವ ವಿಡಿಯೊ ಚಿಕ್ಕ ಊರಿನ ಹುಡುಗಿಗೂ ಸಿಗುತ್ತದೆ. ಕಲಿಸುವುದಕ್ಕೂ ಬಯಲು ಮಾಡುವುದಕ್ಕೂ ಇರುವ ಗೆರೆ ತೆಳುವಾದರೂ ಕಾಣದಷ್ಟು ತೆಳುವಲ್ಲ: ಕಲಿಸುವ ವಿಡಿಯೊ ನೋಡಿದವನ ಕೈಗೆ ಕೆಲಸ ಕೊಡುತ್ತದೆ, ಯಾರ ಆಟವೆಂದು ಹೆಸರು ಹೇಳುತ್ತದೆ, ಬಯಲು ಮಾಡುವ ವಿಡಿಯೊ ಇಷ್ಟೇನಾ ಎಂಬ ಉದ್ಗಾರವನ್ನು ಮಾತ್ರ ಬೇಡುತ್ತದೆ.

ಪವಾಡವೆಂದು ಮಾರುವಾಗ

ಬಯಲು ಮಾಡುವುದೇ ಕರ್ತವ್ಯವಾಗುವ ಒಂದು ಸಂದರ್ಭವೂ ಇದೆ, ಅದರಲ್ಲಿ ಕರ್ನಾಟಕಕ್ಕೆ ತನ್ನದೇ ಪರಂಪರೆಯಿದೆ. ಅಮೆರಿಕದಲ್ಲಿ 1920ರ ದಶಕದಲ್ಲಿ ಜಾದೂಗಾರ ಹ್ಯಾರಿ ಹೂಡಿನಿ, ಸತ್ತವರೊಡನೆ ಮಾತನಾಡಿಸುತ್ತೇವೆಂದು ಹಣ ಕೀಳುತ್ತಿದ್ದವರ ತಂತ್ರಗಳನ್ನು ಬಯಲಿಗೆಳೆದರು.  ಇತ್ತ ಕರ್ನಾಟಕದಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯ ಅವರು 1976ರಲ್ಲಿ ಪವಾಡಗಳನ್ನೂ ಪರೀಕ್ಷಿಸಬಹುದಾದ ಮೂಢನಂಬಿಕೆಗಳನ್ನೂ ತನಿಖೆ ಮಾಡುವ ಸಮಿತಿಯನ್ನು ರಚಿಸಿ, ಪವಾಡ ಮಾಡುತ್ತೇವೆಂದವರನ್ನು ಪರೀಕ್ಷೆಗೆ ಆಹ್ವಾನಿಸಿದ್ದು ರಾಜ್ಯದಲ್ಲಿ ದೊಡ್ಡ ಚರ್ಚೆಗೆ ಕಾರಣವಾಯಿತು. ಮುಂದೆ ಹುಲಿಕಲ್ ನಟರಾಜ್ ಅವರಂಥವರು ಶಾಲೆ ಮತ್ತು ಹಳ್ಳಿಗಳಲ್ಲಿ ನಡೆಸಿದ ‘ಪವಾಡ ರಹಸ್ಯ ಬಯಲು’ ಕಾರ್ಯಕ್ರಮಗಳು ಇದೇ ದಾರಿಯಲ್ಲಿ ನಡೆದವು.

ಅರಿಶಿನಕ್ಕೆ ಸುಣ್ಣ ಸೋಕಿದರೆ ಕೆಂಪಾಗುತ್ತದೆಂಬುದು ಓಕುಳಿ ಕಲಸುವ ಪ್ರತಿ ಮನೆಗೂ ಗೊತ್ತು. ಅದೇ ಕೆಂಪನ್ನು ಮಾಟದ ರಕ್ತವೆಂದು ತೋರಿಸಿ, ಕಾಯಿಲೆಯ ಮಗುವಿನ ತಾಯಿಯಿಂದ ಹಣ ಪಡೆಯುವವನ ಗುಟ್ಟಿಗೆ ಯಾವ ಕಲೆಯ ರಕ್ಷಣೆಯೂ ಸಲ್ಲದು. ನೆರೆಯ ಮಹಾರಾಷ್ಟ್ರದ 2013ರ ಕಾಯ್ದೆ ಪವಾಡ ತೋರಿಸಿ ಹಣ ಗಳಿಸುವುದನ್ನು ಅಪರಾಧವೆನ್ನುತ್ತದೆ. ಕರ್ನಾಟಕದಲ್ಲಿಯೂ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರವನ್ನು ತಡೆಯುವ 2017ರ ಕಾಯ್ದೆ 2020ರಲ್ಲಿ ಜಾರಿಗೆ ಬಂದಿದೆ. ಜಾದೂಗಾರ ಮೋಸ ಮಾಡುತ್ತೇನೆಂದು ಹೇಳಿಯೇ ಮೋಸ ಮಾಡುತ್ತಾನೆ. ಆ ಒಪ್ಪಂದ ಎಲ್ಲಿ ಇಲ್ಲವೋ ಅಲ್ಲಿ ಗುಟ್ಟು ಕಾಯುವ ಧರ್ಮವೂ ಇಲ್ಲ.

ಮಾಸಿದ ಬಟ್ಟೆಯ ಮೇಲೆ

ಸೆನೆಕಾನ ಪ್ರಶ್ನೆಗೆ ಎರಡು ಸಾವಿರ ವರ್ಷಗಳ ಅನುಭವ ಕೊಡುವ ಉತ್ತರ ಬಹುಮಟ್ಟಿಗೆ ನೆಮ್ಮದಿಯದು: ಗುಟ್ಟು ಬಯಲಾದ ಪ್ರತಿ ಸಲವೂ ಕಲೆ ಉಳಿದಿದೆ, ಎಷ್ಟೋ ಸಲ ಬೆಳೆದಿದೆ. ಸ್ಕಾಟನ ಸಂಕೋಚಕ್ಕೆ ಅಷ್ಟು ಸುಲಭದ ಉತ್ತರವಿಲ್ಲ. ನಷ್ಟ ಕಲೆಗೆ ಹಂಚಿಹೋಗುವುದಿಲ್ಲ. ಅದು ಹೊಸ ಆಟ ಕಟ್ಟಿದವನ ಮೇಲೆ ಮತ್ತು ನಾಲ್ಕೇ ಆಟಗಳನ್ನು ನಂಬಿ ಬದುಕುವವನ ಮೇಲೆ ಬೀಳುತ್ತದೆ.

ಆದರೂ ಬೀದಿಯ ಗಾರುಡಿಗನ ಇಂದಿನ ಸಂಕಷ್ಟವನ್ನೆಲ್ಲ ಮೊಬೈಲಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಸಾರ್ವಜನಿಕ ಸ್ಥಳದಲ್ಲಿ ಹಾಡಿ, ಕುಣಿದು, ಆಟ ತೋರಿಸಿ ಹಣ ಪಡೆಯುವುದನ್ನೂ ಭಿಕ್ಷಾಟನೆಯೆಂದೇ ಎಣಿಸಿದ್ದು 1959ರ ಮುಂಬಯಿ ಭಿಕ್ಷಾಟನೆ ತಡೆ ಕಾಯ್ದೆ. ದೆಹಲಿಗೂ ಅನ್ವಯಿಸಿದ್ದ ಅದರ ದಂಡನೆಯ ಅಂಶಗಳನ್ನು ದೆಹಲಿ ಹೈಕೋರ್ಟು ರದ್ದು ಮಾಡಿದ್ದು 2018ರಲ್ಲಿ. ಬೀದಿ ಜಾದೂಗಾರರು, ಬೊಂಬೆಯಾಟದವರು ದಶಕಗಳಿಂದ ನೆಲೆಸಿದ್ದ ದೆಹಲಿಯ ಕಠ್‌ಪುತ್ಲಿ ಕಾಲೊನಿಯನ್ನು 2017ರಲ್ಲಿ ನೆಲಸಮ ಮಾಡಲಾಯಿತು. ಆಟ ತೋರಿಸಲು ಬಯಲು, ನಿಲ್ಲಲು ಹೊತ್ತು, ಮಲಗಲು ಸೂರು ಹೋದ ಮೇಲೆ ಉಂಡೆಯ ಗುಟ್ಟೊಂದು ಉಳಿದರೂ ಅವನಿಗೆ ಪ್ರಯೋಜನ ಅಷ್ಟಕ್ಕಷ್ಟೇ.

ಬಯಲು ಉಳಿದಿರುವ ಊರುಗಳಲ್ಲಿ, ರೀಲ್ಸ್ ನೋಡಿ ಬಂದ ಹುಡುಗ ಗುಂಪಿನ ಮುಂದೆ ಕುಳಿತು, ಉಳಿದವರೆಲ್ಲ ಬಟ್ಟಲು ನೋಡುತ್ತಿರುವಾಗ ಗಾರುಡಿಗನ ಎಡಗೈಯನ್ನೇ ದಿಟ್ಟಿಸುತ್ತಾನೆ. ಗುಟ್ಟು ಬಲ್ಲವರ ದೃಷ್ಟಿ ಎಲ್ಲಿ ನಿಲ್ಲುತ್ತದೆಂಬುದು ಈ ಕಸುಬಿನವರಿಗೆ ಹಳೆಯ ಪಾಠ. ಗುಟ್ಟನ್ನು ಬಿಟ್ಟುಕೊಟ್ಟಂತೆ ನಟಿಸಿ ಇನ್ನೊಮ್ಮೆ ಸೋಲಿಸುವ ಆಟಗಳು ಅವರ ಜೋಳಿಗೆಯಲ್ಲಿ ಮೊದಲಿನಿಂದಲೂ ಇವೆ. ಗಾರುಡಿಗ ಎಡಗೈಯನ್ನು ನಿಧಾನವಾಗಿ ಬಿಚ್ಚಿ, ಖಾಲಿ ಅಂಗೈಯನ್ನು ಆ ಹುಡುಗನ ಮೂಗಿನ ಹತ್ತಿರ ಹಿಡಿಯುತ್ತಾನೆ. ಹುಡುಗ ಅದನ್ನು ಪರೀಕ್ಷಿಸುವ ಹೊತ್ತಿಗೆ ಬಲಗೈ ಬಟ್ಟಲನ್ನು ಎತ್ತಿರುತ್ತದೆ, ಅದರಡಿಯಲ್ಲಿ ನಿಂಬೆಹಣ್ಣು ಕುಳಿತಿರುತ್ತದೆ.